ಬೂದಿಹಕ್ಕಿಯ ರೆಕ್ಕೆ

ಮಗಳು ತಾನಾಗಿಯೇ ಬಂದು ಅಪ್ಪನನ್ನು ಏನಾದರೂ ಕೇಳಿ ಎಷ್ಟೋ ತಿಂಗಳಾಗಿತ್ತು. ಆ ದಿನ ಸಂಜೆ ಅವನು ಕೆಲಸದಿಂದ ಬಂದು, ಬೆರಳಿಗೆ ಅಂಟಿದ ಗೋಂದನ್ನು ಹಳೇ ಬಟ್ಟೆಯಿಂದ ಉಜ್ಜುತ್ತ ಕೂತಿದ್ದ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಫೋನನ್ನು ಮುಂದೆ ಚಾಚಿದಳು.

"ಇದನ್ನ ಹೊಲಿಯೋಕಾಗುತ್ತಾ?"

ಫೋನಿನಲ್ಲಿ ಬಣ್ಣದ ಚಿತ್ರವೊಂದಿತ್ತು. ಗರಿಗಳ ನಿಲುವಂಗಿ ತೊಟ್ಟ ಹೆಂಗಸು, ಮುಖಕ್ಕೆ ಕೊಕ್ಕಿನ ಮುಖವಾಡ, ಸೊಂಟಕ್ಕೆ ಕೆಂಪು ಪಟ್ಟಿ, ಬೆನ್ನಿಗೆ ಎರಡು ರೆಕ್ಕೆ. ಎಡ ರೆಕ್ಕೆ ನೆಲ ಮುಟ್ಟುವಷ್ಟು ಉದ್ದ. ಬಲ ರೆಕ್ಕೆ ಅರ್ಧಕ್ಕೇ ಸುಟ್ಟು ಮುರಿದದ್ದು.

"ಯಾರಿವಳು?"

"ಬೂದಿಹಕ್ಕಿ. ಒಂದು ಚಿತ್ರಕಥೆ ಬರುತ್ತಲ್ಲ, ಮುಳುಗಿದ ಪಟ್ಟಣ ಕಾಯೋ ಐದು ಜನರದ್ದು, ಅದರಲ್ಲಿ ಒಬ್ಬಳು. ನಾವು ಐದು ಜನ ಸೇರಿ ಆ ಐವರ ವೇಷ ಹಾಕ್ತಿದ್ದೀವಿ. ದೊಡ್ಡ ಸಭಾಂಗಣದಲ್ಲಿ ವೇಷದವರ ಮೇಳ ಇದೆ. ವೇದಿಕೆ ಮೇಲೆ ಮೂರು ನಿಮಿಷ ಆಡಿ ತೋರಿಸ್ಬೇಕು."

ಒಂದೇ ಉಸಿರಿಗೆ ಇಷ್ಟು ಮಾತು! ಅವನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. ಚಿತ್ರವನ್ನು ಎರಡು ಬೆರಳಿಂದ ದೊಡ್ಡದು ಮಾಡಿ, ಗರಿ ಎಲ್ಲಿ ಶುರುವಾಗುತ್ತದೆ, ಎಲ್ಲಿ ಒಂದರ ಮೇಲೊಂದು ಕೂರುತ್ತದೆ ಎಂದು ನೋಡಿದ.

"ಆಗುತ್ತೆ," ಎಂದ. ಇನ್ನೂ ಏನಾದರೂ ಹೇಳಬೇಕೆನಿಸಿತು. ಹೊಳೆಯಲಿಲ್ಲ.

ಅವನು ಬಸ್ ಡಿಪೋದಲ್ಲಿ ಸೀಟು ಹೊಲಿಯುವವನು. ಇಪ್ಪತ್ತಾರು ವರ್ಷದಿಂದ ಅದೇ ಶೆಡ್ಡು, ಅದೇ ದಪ್ಪ ಮಿಷನ್ನು, ಹರಿದ ಸೀಟುಗಳ ಅದೇ ರಾಶಿ. ಡಿಪೋದವರೆಲ್ಲ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ಒಳ್ಳೆಯ ಕೆಲಸಗಾರ, ಮಾತು ಮಾತ್ರ ಕಡಿಮೆ. ಪಕ್ಕದ ಶೆಡ್ಡಿನ ಮೆಕ್ಯಾನಿಕ್ಕು, ಎಲ್ಲರ ಬಾಯಲ್ಲೂ 'ಗ್ರೀಸು', ಆಗಾಗ ಹೇಳುತ್ತಿದ್ದ: "ಮೇಸ್ತ್ರಿ ಬಾಯಿಗೂ ಡಬಲ್ ಹೊಲಿಗೆ ಹಾಕಿಸ್ಕೊಂಡಿದ್ದಾನೆ, ಬಿಚ್ಚೋಕೆ ಬ್ಲೇಡೇ ಬೇಕು." ಮೇಸ್ತ್ರಿ ಅದಕ್ಕೂ ನಕ್ಕು ಸುಮ್ಮನಾಗುತ್ತಿದ್ದ.

ಮನೆಯಲ್ಲಿ ಆ ಮಾತಿಗೆ ಯಾರೂ ನಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಹೆಂಡತಿ ಬಟ್ಟೆಬರೆ ಕಟ್ಟಿಕೊಂಡು ಬೇರೆ ಊರಿನಲ್ಲಿದ್ದ ತನ್ನ ಅಕ್ಕನ ಮನೆಗೆ ಹೋಗಿಬಿಟ್ಟಿದ್ದಳು. ಹೊಡೆತ ಬಡಿತವಿಲ್ಲ, ಕುಡಿತವಿಲ್ಲ, ಜಗಳವೂ ಇಲ್ಲ. "ಜಗಳ ಆಡಿದ್ರಾದ್ರೂ ಮನೇಲಿ ಇನ್ನೊಬ್ಬರಿದ್ದಾರೆ ಅನ್ನಿಸ್ತಿತ್ತು," ಎಂದಷ್ಟೇ ಹೇಳಿ ಹೋಗಿದ್ದಳು. ಶಾಲೆ ಅರ್ಧಕ್ಕೆ ಬಿಡುವುದು ಬೇಡವೆಂದು ಮಗಳು ಅಪ್ಪನ ಬಳಿ ಉಳಿದಳು. ಉಳಿದಳು ಎಂಬುದಷ್ಟೇ ನಿಜ. ಬೆಳಿಗ್ಗೆ "ಬರ್ತೀನಿ", ಸಂಜೆ "ಬಂದೆ". ನಡುವೆ ಪಾತ್ರೆಗಳ ಸದ್ದು. ಅವಳಿಗೆ ಹದಿನೇಳು. ಸದಾ ಏನಾದರೂ ಗೀಚುತ್ತ ಕೂರುವುದರಿಂದಲೂ, ಕಡ್ಡಿಯಂತೆ ಇದ್ದದ್ದರಿಂದಲೂ ಗೆಳತಿಯರು ಅವಳನ್ನು 'ಪೆನ್ಸಿಲ್' ಎನ್ನುತ್ತಿದ್ದರು. ಅಪ್ಪ ಕರೆಯುತ್ತಿದ್ದದ್ದು 'ಮರಿ' ಎಂದು. ಆ ಹೆಸರು ಕೂಡ ಈಚೆಗೆ ಅವನ ಗಂಟಲಲ್ಲೇ ಉಳಿಯುತ್ತಿತ್ತು.

ಡಿಪೋದ ಮಿಷನ್ನು ವಾರದ ದಿನಗಳಲ್ಲಿ ಬಿಡುವಾಗುತ್ತಿರಲಿಲ್ಲ. ಮೇಲಧಿಕಾರಿಯ ಹತ್ತಿರ ಹೋಗಿ, ಕೈ ಕೈ ಹಿಸುಕುತ್ತ ನಿಂತು, ಭಾನುವಾರಗಳಲ್ಲಿ ಬಳಸಿಕೊಳ್ಳಲು ಒಪ್ಪಿಗೆ ಪಡೆದ. ಇಪ್ಪತ್ತಾರು ವರ್ಷದಲ್ಲಿ ಅವನು ಕೇಳಿದ ಮೊದಲ ಉಪಕಾರ ಅದು.

"ಭಾನುವಾರ ಬಾ. ಅಳತೆ ತಗೋಬೇಕು," ಎಂದ ಮಗಳಿಗೆ.

"ಭಾನುವಾರ ಮಧ್ಯಾಹ್ನ ನಮ್ಮದು ಪ್ರಾಕ್ಟೀಸ್ ಇರುತ್ತಪ್ಪ. ಬೇರೆ ದಿನ ಆಗಲ್ವಾ?"

"ಬೇರೆ ದಿನ ಮಿಷನ್ ಸಿಗಲ್ಲ."

ಅವಳು ಒಂದು ಕ್ಷಣ ಉಗುರು ಕಚ್ಚಿದಳು. "ಸರಿ ಬಿಡು. ನಾನು ಕ್ಯಾಪ್ಟನ್‌ಗೆ ಹೇಳ್ತೀನಿ," ಎಂದಳು. ಕ್ಯಾಪ್ಟನ್ ಅಂದರೆ ಆ ಐವರ ಗುಂಪನ್ನು ಕಟ್ಟಿದ ಹುಡುಗಿ, ಇವಳ ತರಗತಿಯವಳೇ.

ಮೊದಲ ಭಾನುವಾರ ಅಳತೆಗೇ ಹೋಯಿತು. ಮನುಷ್ಯರ ಅಳತೆ ತೆಗೆದು ಅವನಿಗೆ ರೂಢಿಯಿರಲಿಲ್ಲ. ಹೆಗಲಿನಿಂದ ಹೆಗಲಿಗೆ ಟೇಪು ಹಿಡಿದವನು, ತಪ್ಪು ಬರೆದೆನೇನೋ ಎಂದು ಮತ್ತೆ ಹಿಡಿದ. ತಪ್ಪಿರಲಿಲ್ಲ. ಮಗಳ ಹೆಗಲು ಯಾವಾಗ ಇಷ್ಟು ಅಗಲವಾಯಿತೋ ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ಗರಿಗಳಿಗೆ ಸೀಟಿನ ರೆಕ್ಸಿನ್ ತುಂಡುಗಳೇ ಆದವು. ಹಳೆಯ ಬಸ್ಸುಗಳಿಂದ ಕಿತ್ತ ಬೂದು ರೆಕ್ಸಿನ್ ಮೂಲೆಯಲ್ಲಿ ಬೆಟ್ಟದಂತೆ ಬಿದ್ದಿತ್ತು. ಒಂದು ಮಾಸಿದ್ದು, ಒಂದು ಗಾಢ, ಒಂದರ ಮೇಲೆ ಜನ ಕೂತು ಕೂತು ಬಂದ ಹೊಳಪು. ಅಷ್ಟು ಬಗೆಯ ಬೂದುಬಣ್ಣ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ರಟ್ಟಿನಲ್ಲಿ ಮೂರು ಅಳತೆಯ ಗರಿ ಕತ್ತರಿಸಿಕೊಂಡು, ಸೀಮೆಸುಣ್ಣದಲ್ಲಿ ಗೀರಿ, ಮಗಳು ಕತ್ತರಿಸುತ್ತ ಹೋದಳು. ಅವನು ಹೊಲಿಯುತ್ತ ಹೋದ.

"ಪಿನ್ನು ಚುಚ್ಬೇಡ. ರೆಕ್ಸಿನ್‌ಗೆ ಬಿದ್ದ ತೂತು ಮುಚ್ಕೊಳ್ಳಲ್ಲ. ಕ್ಲಿಪ್ಪು ಹಾಕು."

"ಮೇಲಿಂದ ಹೊಲಿಯಲ್ವಾ?"

"ಕೆಳಗಿಂದ. ಕೆಳಗಿನ ಸಾಲು ಮೊದಲು. ಮೇಲಿಂದು ಅದರ ಹೊಲಿಗೆ ಮುಚ್ಚುತ್ತೆ. ಹೆಂಚು ಹೊದಿಸ್ತಾರಲ್ಲ, ಹಾಗೆ."

"ಅಬ್ಬಾ, ಅಪ್ಪ ಇವತ್ತು ಎಷ್ಟು ಮಾತಾಡಿಬಿಟ್ರು! ಗ್ರೀಸ್ ಅಂಕಲ್‌ಗೆ ಹೇಳ್ಬೇಕು."

ಅವನು ತಲೆ ತಗ್ಗಿಸಿ ನಕ್ಕ. ಕಿವಿ ಕೆಂಪಾಗಿತ್ತು.

ಎರಡನೆಯ ಭಾನುವಾರ, ಮೂರನೆಯದು. ಬೆಳಿಗ್ಗೆ ಹೋದರೆ ಬೆಳಕು ಇಳಿಯುವವರೆಗೆ ಇಬ್ಬರೂ ಶೆಡ್ಡಿನಲ್ಲೇ. ಕೆಟ್ಟು ನಿಂತ ಬಸ್ಸಿನ ಮೆಟ್ಟಿಲ ಮೇಲೆ ಕೂತು ಡಬ್ಬಿಯ ಊಟ ಮಾಡುತ್ತಿದ್ದರು. ಬೂದಿಹಕ್ಕಿಯ ಕಥೆಯನ್ನು ಅವಳು ಕಂತು ಕಂತಾಗಿ ಹೇಳುತ್ತಿದ್ದಳು: ಪಟ್ಟಣ ಮುಳುಗುವಾಗ ಬೂದಿಹಕ್ಕಿಯೊಬ್ಬಳಿಗೇ ಹಾರಿಹೋಗಲು ಆಗುತ್ತಿತ್ತಂತೆ, ಆದರೂ ಇಳಿದು ಬಂದಳಂತೆ. ಅವನಿಗೆ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಆದರೂ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದ. ಮೂರನೆಯ ಭಾನುವಾರ ಊಟ ಮುಗಿಸಿ ಡಬ್ಬಿ ಮುಚ್ಚುತ್ತ, "ಅಮ್ಮನ ಹತ್ರಾನೂ ಹೀಗೆ ಒಂಚೂರು ಮಾತಾಡಿದ್ರೆ ಆಗ್ತಿತ್ತಲ್ಲಪ್ಪ," ಎಂದಳು. ಸಿಟ್ಟಿನಿಂದಲ್ಲ, ಸುಮ್ಮನೆ. ಅವನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತ. ಅವಳೂ ಮುಂದೆ ಕೆದಕಲಿಲ್ಲ.

ನಾಲ್ಕನೆಯ ಭಾನುವಾರ ಅವಳು ಅವನಿಗಿಂತ ಮೊದಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದಳು.

"ಇವತ್ತು ಮಧ್ಯಾಹ್ನ ಬೇಕಾದ್ರೆ ಹೋಗು, ಪ್ರಾಕ್ಟೀಸ್‌ಗೆ. ಎದೆಭಾಗ ನಾನೊಬ್ಬನೇ ಮಾಡ್ತೀನಿ," ಎಂದ.

"ಪರವಾಗಿಲ್ಲ. ಈಗ ನನ್ನ ಭಾಗದ್ದು ಅಷ್ಟಿಲ್ಲ," ಎಂದಳು.

ಆ ದಿನ ಎರಡು ಸಾಲು ಗರಿ ಹೆಚ್ಚಿಗೆ ಬೇಕು ಎಂದಳು. ಮುಂದಿನ ವಾರ, ಸುಟ್ಟ ರೆಕ್ಕೆಯ ಅಂಚು ಸರಿಯಾಗಿ ಸುಟ್ಟಂತಿಲ್ಲ, ಬಿಚ್ಚಿ ಮತ್ತೆ ಮಾಡೋಣ ಎಂದಳು. ಮುಗಿಯುತ್ತ ಬಂದ ಕೆಲಸ ಹೀಗೆ ಹಿಂದೆ ಹಿಂದೆ ಸರಿಯುತ್ತಿತ್ತು. ಅವನಿಗೆ ಬೇಸರವಾಗಲಿಲ್ಲ. ಒಳಗೊಳಗೇ ಖುಷಿಪಟ್ಟ. ಹಳೆಯ ಸೀಟಿನ ಬೆನ್ನಿನಿಂದ ತೆಗೆದ ಹಗುರ ಅಲ್ಯೂಮಿನಿಯಂ ಕಡ್ಡಿಗಳನ್ನು ಗ್ರೀಸು ಬಗ್ಗಿಸಿಕೊಟ್ಟ. ರೆಕ್ಕೆಗೆ ಅವೇ ಮೂಳೆಗಳಾದವು. ಡ್ರೈವರ್ ಸೀಟಿನ ಬೆಲ್ಟು ಹೆಗಲಪಟ್ಟಿಯಾಯಿತು. ಭಾರವೆಲ್ಲ ಸೊಂಟದ ಮೇಲೆ ಕೂರುವಂತೆ, ಕತ್ತಿಗೆ ಒತ್ತದಂತೆ, ಅದನ್ನು ಬೆನ್ನ ಹಿಂದೆ ಬಕಲಿನಿಂದ ಬಿಗಿದ. ಮುಖವಾಡದ ಒಳಗೆ ತೆಳುವಾದ ಸ್ಪಂಜು ಅಂಟಿಸಿ, ತನ್ನ ಮುಖಕ್ಕೇ ಇಟ್ಟುಕೊಂಡು ಎಲ್ಲಿ ಚುಚ್ಚುತ್ತದೆ ನೋಡಿದ. ಆಗ ಗ್ರೀಸು ಬಂದವನು, "ಮೇಸ್ತ್ರಿ, ಈ ವಯಸ್ಸಲ್ಲಿ ಕೊಕ್ಕು ಬಂತಲ್ಲೋ!" ಎಂದು ಹೊಟ್ಟೆ ಹಿಡಿದು ನಕ್ಕ. ಮಗಳೂ ನಕ್ಕಳು. ಆಮೇಲೆ ಯಾಕೋ ಎದ್ದು ಹೊರಗೆ ಹೋಗಿ, ಮುಖ ತೊಳೆದುಕೊಂಡು ಬಂದಳು.

ಉಳಿದದ್ದು ಕೆಂಪು ಪಟ್ಟಿ ಒಂದೇ. ಐವರ ಸೊಂಟದಲ್ಲೂ ಒಂದೇ ಕೆಂಪು ಇರಬೇಕು. ಕ್ಯಾಪ್ಟನ್ ಒಂದೇ ಥಾನಿನಲ್ಲಿ ಎಲ್ಲರಿಗೂ ಕೊಂಡಿದ್ದಾಳೆ ಎಂದು ಮಗಳು ಮೊದಲೇ ಹೇಳಿದ್ದಳು. ಎರಡು ಸಲ ಕೇಳಿದ. "ತರ್ತೀನಿ." ಮೂರನೆಯ ಸಲ, "ಮರೆತುಹೋಯ್ತಪ್ಪ." ಮೇಳಕ್ಕೆ ಹತ್ತು ದಿನ ಉಳಿದಿತ್ತು. ಇವಳನ್ನು ನೆಚ್ಚಿ ಕೂತರೆ ಆಗುವುದಿಲ್ಲವೆಂದು, ಕೆಲಸ ಬಿಟ್ಟು ಬರುವ ದಾರಿಯಲ್ಲಿ ತಾನೇ ಕ್ಯಾಪ್ಟನ್ ಮನೆಗೆ ಹೋದ. ಕೆಳಗೆ ಜೆರಾಕ್ಸ್ ಅಂಗಡಿ, ಪಕ್ಕದಲ್ಲಿ ಮೆಟ್ಟಿಲು; ಮಗಳು ಒಮ್ಮೆ ಬಸ್ಸಿನಿಂದ ತೋರಿಸಿದ್ದಳು.

ಬಾಗಿಲು ತೆಗೆದವಳು ಕ್ಯಾಪ್ಟನ್ನೇ. ಗಿಡ್ಡ ಕೂದಲು, ಕೈಯಲ್ಲಿ ಬಣ್ಣದ ಬ್ರಷ್ಷು. ಒಳಗೆ ಕುರ್ಚಿಗಳ ಮೇಲೆ ವೇಷಗಳು ಒಣಗುತ್ತಿದ್ದವು.

"ನಾನು ಪೆನ್ಸಿಲ್ ಅಪ್ಪ. ಆ ಕೆಂಪು ಬಟ್ಟೆ... ಇವಳ ಪಾಲಿಂದು. ಮರೀತಾಳೆ ದಿನಾ."

ಹುಡುಗಿಯ ಮುಖ ಸಪ್ಪಗಾಯಿತು. "ಅಂಕಲ್, ಅವಳು ಹೇಳಿಲ್ವಾ?"

"ಏನು?"

"ಅವಳು ಈಗ ಗುಂಪಲ್ಲಿಲ್ಲ. ಮೂರು ಭಾನುವಾರ ಪ್ರಾಕ್ಟೀಸ್‌ಗೆ ಬರಲೇ ಇಲ್ಲ ಅಂಕಲ್. ಫೋನ್ ಮಾಡಿದ್ರೆ 'ಅಪ್ಪನ ಜೊತೆ ಇದ್ದೀನಿ, ಮುಂದಿನ ವಾರ' ಅಂತಿದ್ಲು. ವೇದಿಕೆ ಮೇಲೆ ಐದೂ ಜನ ಒಟ್ಟಿಗೆ ಹೆಜ್ಜೆ ಇಡ್ಬೇಕು. ನಾವೂ ಎಷ್ಟೂಂತ ಕಾಯೋದು? ಆಮೇಲೆ ಇನ್ನೊಬ್ಬಳನ್ನ ತಗೊಂಡ್ವಿ. ಅವಳ ಹತ್ರ ರೆಡಿಮೇಡ್ ಡ್ರೆಸ್ಸೂ ಇತ್ತು."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಮೂರು ಭಾನುವಾರ! ಅಳತೆಯದೊಂದು, ಗರಿಯದೊಂದು, ರೆಕ್ಕೆಯದೊಂದು. ಕರೆದವನು ತಾನೇ.

"ತಪ್ಪು ನಂದು ಕಣಮ್ಮ," ಎಂದ. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ನಾನೇ ಬಾ ಅಂದಿದ್ದು. ಇನ್ಮೇಲೆ ದಿನಾ ಕಳಿಸ್ತೀನಿ. ವೇಷ ಚೆನ್ನಾಗಿ ಬಂದಿದೆ, ಒಂದ್ಸಲ ನೋಡು ಬೇಕಾದ್ರೆ."

"ಈಗ ಐದು ಜನ ಆಗಿಬಿಟ್ಟಿದ್ದೀವಿ ಅಂಕಲ್. ಹೊಸಬಳಿಗೆ ಬೇಡ ಅಂತ ಹೇಗೆ ಹೇಳಲಿ?" ಹುಡುಗಿ ಕೆಟ್ಟವಳೇನಲ್ಲ. ಅವಳ ಕಣ್ಣಲ್ಲೂ ನೀರಾಡಿತು. ಒಳಗೆ ಹೋಗಿ, ಉಳಿದಿದ್ದ ಕೆಂಪು ಬಟ್ಟೆಯ ತುಂಡೊಂದನ್ನು ಮಡಿಸಿ ತಂದು ಕೊಟ್ಟಳು. ಅವನು ಅದನ್ನು ತೆಗೆದುಕೊಂಡು ಮೆಟ್ಟಿಲಿಳಿದ.

ದಾರಿಯುದ್ದಕ್ಕೂ ಒಂದೇ ಯೋಚನೆ. ನಾಲ್ಕನೆಯ ಭಾನುವಾರದಿಂದ ಅವಳಿಗೆ ಎಲ್ಲ ಗೊತ್ತು. ಗೊತ್ತಿದ್ದೂ ಕತ್ತರಿಸುತ್ತ ಕೂತಳು. ಗೊತ್ತಿದ್ದೂ ಎರಡು ಸಾಲು ಹೆಚ್ಚಿಗೆ ಕೇಳಿದಳು. ಯಾರಿಗಾಗಿ, ಯಾತಕ್ಕಾಗಿ ಎಂಬುದು ಅವನಿಗೆ ತಿಳಿಯದ್ದೇನಲ್ಲ. ಇಂದೇ ಕೂರಿಸಿಕೊಂಡು ಮಾತಾಡಬೇಕು ಎಂದುಕೊಂಡೇ ಮನೆಯ ಮೆಟ್ಟಿಲು ಹತ್ತಿದ.

ಅವಳು ಸೊಪ್ಪು ಬಿಡಿಸುತ್ತಿದ್ದಳು. ಅವನ ಕೈಯಲ್ಲಿದ್ದ ಬಟ್ಟೆ ನೋಡಿ ಕೈ ನಿಲ್ಲಿಸಿದಳು. "ಎಲ್ಲಿ ಸಿಕ್ತು?"

ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ಇನ್ನು ಭಾನುವಾರಗಳಿಲ್ಲ, ಡಬ್ಬಿಯ ಊಟವಿಲ್ಲ.

"ಅಂಗಡೀಲಿ," ಎಂದ.

"ಓ," ಎಂದು ಅವಳು ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಕೊನೆಯ ಭಾನುವಾರ ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳುತ್ತ ಪಟ್ಟಿ ಹೊಲಿದರು. ವೇದಿಕೆ ಎಷ್ಟು ಎತ್ತರ ಇರುತ್ತದೆ ಎಂದು ಅವನು ಕೇಳಿದ; ಅವಳು ಹೇಳಿದಳು. ನೀವು ಐದು ಜನ ಯಾವ ಸಾಲಿನಲ್ಲಿ ನಿಲ್ಲುತ್ತೀರಿ ಎಂದು ಕೇಳಿದ; ಅವಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಚುಕ್ಕಿ ಇಟ್ಟು ತೋರಿಸಿದಳು. ಪೂರ್ತಿ ವೇಷ ತೊಟ್ಟು ಶೆಡ್ಡಿನ ನಡುವೆ ನಿಂತಾಗ ನಿಜಕ್ಕೂ ಚಿತ್ರದವಳೇ ಇಳಿದು ಬಂದಂತಿದ್ದಳು. ಬಗ್ಗಿದರೆ ಗರಿಗಳೆಲ್ಲ ಒಟ್ಟಿಗೆ ಎದ್ದು, ನೆಟ್ಟಗಾದರೆ ಸರಕ್ಕನೆ ಕೂರುತ್ತಿದ್ದವು. ಗ್ರೀಸು ಈ ಸಲ ತಮಾಷೆ ಮಾಡಲಿಲ್ಲ. ಟೋಪಿ ತೆಗೆದು, "ಶಾಭಾಷ್ ಮೇಸ್ತ್ರಿ," ಎಂದ.

ಮೇಳದ ಬೆಳಿಗ್ಗೆ ಅವಳು ಒಬ್ಬಳೇ ಹೋಗುತ್ತೇನೆಂದಳು. ರೆಕ್ಕೆ ಹೊತ್ತು ಬಸ್ಸು ಹತ್ತಲಾಗುವುದಿಲ್ಲವೆಂದು ಅವನು ಹಟ ಹಿಡಿದ. ನಡುದಾರಿಯಲ್ಲಿ ಎಲ್ಲಾದರೂ ಅವಳೇ ಬಾಯಿ ಬಿಟ್ಟಾಳು ಎಂಬ ಆಸೆಯೂ ಇತ್ತು. ಅವಳು ಕಿಟಕಿಯಾಚೆ ನೋಡುತ್ತ ಕೂತಳು. ಅವನು ಎರಡು ರೆಕ್ಕೆಗಳನ್ನೂ ಮಡಿಲಲ್ಲಿಟ್ಟುಕೊಂಡು, ಇಳಿಯುವವರಿಗೆಲ್ಲ ದಾರಿ ಬಿಡುತ್ತ ಕೂತ.

ಸಭಾಂಗಣದ ಮುಂದೆ ಉದ್ದನೆಯ ಸಾಲು. ಕತ್ತಿ ಹಿಡಿದವರು, ಕೊಂಬಿನವರು, ಮುಖಕ್ಕೆ ನೀಲಿ ಬಳಿದುಕೊಂಡವರು. ಗೋಡೆಯ ಪಕ್ಕ ನಿಂತು ಅವನು ರೆಕ್ಕೆ ತೊಡಿಸಿ ಬಕಲು ಹಾಕಿದ. ಸುತ್ತಲಿನವರು ತಿರುಗಿ ನೋಡಿದರು. ಒಬ್ಬ ಫೋಟೋ ತೆಗೆದ.

"ನೀನಿನ್ನು ಹೋಗಪ್ಪ. ಅವರು ಒಳಗಿದ್ದಾರೆ," ಎಂದಳು.

ಅಷ್ಟರಲ್ಲಿ ಸಾಲಿನ ಪಕ್ಕದಿಂದ ಐವರು ಒಟ್ಟಾಗಿ ಬಂದರು. ಐದು ಸೊಂಟಕ್ಕೂ ಅದೇ ಕೆಂಪು. ಕೊನೆಯವಳ ಮೈಮೇಲೆ ಮಿರುಗುವ ರೆಡಿಮೇಡ್ ಗರಿ, ಬೆನ್ನಿಗೆ ಪುಟ್ಟ ಪ್ಲಾಸ್ಟಿಕ್ ರೆಕ್ಕೆ. ಇವಳನ್ನು ಕಂಡು ಎಲ್ಲರೂ ನಿಂತುಬಿಟ್ಟರು.

"ಪೆನ್ಸಿಲ್... ಎಷ್ಟು ಚೆನ್ನಾಗಿದೆಯೇ ಇದು," ಎಂದಳು ಕ್ಯಾಪ್ಟನ್. ಆಮೇಲೆ ಏನು ಹೇಳುವುದೆಂದು ತೋಚದೆ ಅವನತ್ತ ತಿರುಗಿದಳು. "ಅಂಕಲ್, ಅವತ್ತು ನೀವು ಮನೆಗೆ ಬಂದಾಗ ನಾನು ಒಂಥರಾ ಮಾತಾಡಿಬಿಟ್ಟೆ. ಸಾರಿ."

ಐವರೂ ಒಳಗೆ ಹೋದರು. ಮಗಳು ಮುಖವಾಡ ಮೇಲೆತ್ತಿದಳು.

"ಯಾವತ್ತು?"

ಅವನು ಅವಳ ಹೆಗಲಪಟ್ಟಿ ಸರಿಮಾಡಲು ಹೋದ.

"ಯಾವತ್ತು ಹೋಗಿದ್ದೆ ಅಂತ ಕೇಳ್ತಿದ್ದೀನಪ್ಪ."

"ಪಟ್ಟಿ ಬಟ್ಟೆ ತಂದೆನಲ್ಲ... ಅವತ್ತು."

"ಅವತ್ತಿಂದ ಗೊತ್ತಾ ನಿಂಗೆ? ಗೊತ್ತಿದ್ದೂ ನೆಲದ ಮೇಲೆ ನನ್ನ ಕೈಲಿ ಐದು ಚುಕ್ಕಿ ಹಾಕಿಸಿದ್ಯಾ?"

"ನೀನೂ ಹೇಳಲಿಲ್ಲವಲ್ಲ ಮರಿ."

"ನಾನು ಹೇಳಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ! ಮಿಷನ್ ಕೇಳೋಕೆ ನೀನು ಯಾರ ಮುಂದೆ ಹೋಗಿ ನಿಂತೆ ಅಂತ ಗ್ರೀಸ್ ಅಂಕಲ್ ಹೇಳಿದ್ರು ನಂಗೆ. ನೀನು ಯಾತಕ್ಕೆ ಸುಮ್ಮನಿದ್ದೆ? ನಾನು ಇಲ್ಲಿವರೆಗೆ ಹೊತ್ತುಕೊಂಡು ಬಂದು ಎಲ್ಲರ ಮುಂದೆ ನಿಲ್ಲೋದನ್ನ ನೋಡ್ಕೊಂಡು ಹೇಗೆ ಸುಮ್ಮನಿದ್ದೆ?" ಅವಳ ದನಿ ಒಡೆಯಿತು. "ಅಮ್ಮನ್ನೂ ಹೀಗೇ ನೋಡ್ಕೊಂಡು ಸುಮ್ಮನಿದ್ದೆ ತಾನೆ? ಹೋಗ್ತಾಳೆ ಅಂತ ಗೊತ್ತಿತ್ತು ತಾನೆ ನಿಂಗೆ?"

ಗೊತ್ತಿತ್ತು. ಹೆಂಡತಿ ಸೀರೆಗಳನ್ನು ಒಂದೊಂದಾಗಿ ಬೇರೆ ಕಪಾಟಿಗೆ ಇಡುತ್ತಿದ್ದದ್ದನ್ನು ಅವನು ಒಂದು ತಿಂಗಳು ನೋಡಿದ್ದ. ಈಗ ಅದನ್ನು ಹೇಳಬಹುದಿತ್ತು.

"ಬಿಚ್ಚು ಇದನ್ನ," ಎಂದಳು.

ಬಕಲು ಬೆನ್ನ ಹಿಂದೆ ಇತ್ತು. ಅವಳಿಗೆ ಎಟುಕುತ್ತಿರಲಿಲ್ಲ. ಅವನು ಬಿಚ್ಚಲು ಹೋದರೆ ಬೆಲ್ಟು ಬಿಗಿದುಕೊಂಡಿತ್ತು. ಅವಳು ಕೆನ್ನೆ ಒರೆಸಿಕೊಳ್ಳುತ್ತ, ಬೆನ್ನು ಮಾಡಿ ನಿಂತಳು. ಸಾಲಿನಲ್ಲಿದ್ದ ಯಾರೋ, "ಸರ್, ಬಿಚ್ಚೋ ಮುಂಚೆ ಒಂದು ಫೋಟೋ," ಎಂದರು. ಕೊನೆಗೂ ಬಕಲು ಬಿಟ್ಟುಕೊಂಡಿತು. ಅವಳು ಗರಿಯಂಗಿಯನ್ನೂ ಕಳಚಿ ಅವನ ತೋಳಿನ ಮೇಲೆ ಹಾಕಿ, ಒಳಗೆ ತೊಟ್ಟಿದ್ದ ಮಾಮೂಲಿ ಬಟ್ಟೆಯಲ್ಲಿ, ಬಂದ ಮೊದಲ ಬಸ್ಸು ಹತ್ತಿ ಹೋದಳು. ಅದು ಯಾವ ಕಡೆಯ ಬಸ್ಸೆಂದು ನೋಡಿದಳೋ ಇಲ್ಲವೋ.

ಮುಂದಿನ ಬಸ್ಸಿನ ಕಂಡಕ್ಟರು ರೆಕ್ಕೆಗಳನ್ನು ನೋಡಿ ಜಾಗವಿಲ್ಲವೆಂದ. ಮೇಸ್ತ್ರಿ ವಾದಿಸಲಿಲ್ಲ. ಬಿಸಿಲಿನಲ್ಲಿ ನಡೆದೇ ಡಿಪೋಗೆ ಹೋಗಿ, ಅದನ್ನೆಲ್ಲ ಶೆಡ್ಡಿನ ಮೊಳೆಗೆ ತೂಗುಹಾಕಿ, ನಡೆದೇ ಮನೆಗೆ ಬಂದ. ಅವಳು ಬಂದಿದ್ದಳು. ಕೋಣೆಯ ಬಾಗಿಲು ಹಾಕಿತ್ತು.

ವರ್ಷದ ಕೊನೆಯ ಪರೀಕ್ಷೆ ಮುಗಿಯುವವರೆಗೆ ಅವಳು ಮತ್ತೆ "ಬರ್ತೀನಿ", "ಬಂದೆ" ಅಷ್ಟರಲ್ಲೇ ಇದ್ದಳು. ಮುಗಿದ ಮರುದಿನ, ಅಮ್ಮನ ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕಿದೆ ಎಂದಳು. ಜಗಳವಿಲ್ಲ, ಸಿಟ್ಟೂ ಇಲ್ಲ. ಬಟ್ಟೆ ಪುಸ್ತಕಗಳನ್ನು ಎರಡು ಚೀಲಕ್ಕೆ ತುಂಬುವುದನ್ನು ಅವನು ಹಜಾರದಲ್ಲಿ ಕೂತು ಕೇಳಿಸಿಕೊಂಡ. ಅವಳು ಚೀಲ ಎತ್ತಿಕೊಂಡು ಬಂದಾಗ ಎದ್ದು ಬಾಗಿಲಿಗೆ ಅಡ್ಡ ನಿಂತ.

"ಹೋಗ್ಬೇಡ," ಎಂದ. "ಹೋಗ್ಬೇಡ ಅನ್ನಿಸ್ತಿದೆ ನಂಗೆ. ನಿಮ್ಮಮ್ಮನಿಗೆ ಹೇಳಲಿಲ್ಲ ನಾನು. ಗೊತ್ತಿತ್ತು, ಹೇಳಲಿಲ್ಲ. ನಿಂಗೆ ಹೇಳ್ತಿದ್ದೀನಿ."

ಅವಳು ಚೀಲ ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು.

"ಇದನ್ನ ಸಭಾಂಗಣದ ಮುಂದೆ ಹೇಳಿದ್ರೂ ಸಾಕಿತ್ತಪ್ಪ," ಎಂದಳು ಮೆಲ್ಲಗೆ. ಆಮೇಲೆ ಒಂದು ಚೀಲ ಅವನ ಕೈಗೆ ಕೊಟ್ಟಳು. ಇಬ್ಬರೂ ನಿಲ್ದಾಣಕ್ಕೆ ನಡೆದರು. ಬಸ್ಸು ಹೊರಡುವ ಮೊದಲು ಕಿಟಕಿಯಿಂದ, "ಗ್ಯಾಸ್ ಆಫ್ ಮಾಡಿದ್ದೀನಿ ಅಲ್ವಾ, ನೋಡು," ಎಂದಳು.

ಹದಿನೈದು ದಿನಕ್ಕೊಮ್ಮೆ ಫೋನು ಬರುತ್ತದೆ. ಹೆಚ್ಚಾಗಿ ಅವಳೇ ಮಾಡುತ್ತಾಳೆ. ಮೊದಲ ಸಲ, "ಏನ್ಮಾಡ್ತಿದ್ದೀಯ?" ಎಂದಾಗ ಅವನು "ಏನಿಲ್ಲ" ಎಂದು, ಆ ಕಡೆಯ ಉಸಿರು ಕೇಳುತ್ತ ನಿಂತಿದ್ದ. ಅವಳು ಇಟ್ಟುಬಿಟ್ಟಳು. ಎರಡನೆಯ ಸಲ, ಫೋನು ಬರುವ ಮೊದಲೇ ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆದಿಟ್ಟುಕೊಂಡ. ಗ್ರೀಸಿಗೆ ಮೊಮ್ಮಗಳು ಹುಟ್ಟಿದ್ದು, ಹೊಸ ಬಸ್ಸುಗಳಿಗೆ ಕಾರ್ಖಾನೆಯ ಸೀಟೇ ಬರುತ್ತಿರುವುದರಿಂದ ಕೆಲಸ ಕಡಿಮೆಯಾದದ್ದು, ನಲ್ಲಿ ಸೋರುತ್ತಿರುವುದು, ಮೊಣಕಾಲು ನೋವು. ನಾಲ್ಕನ್ನೂ ಓದಿ ಹೇಳಿದ. ಅವಳು ನಡುನಡುವೆ "ಹೂಂ" ಎಂದಳು.

"ಮತ್ತೆ?" ಎಂದಳು ಕೊನೆಗೆ.

ಅವನು ಚೀಟಿ ತಿರುಗಿಸಿ ನೋಡಿದ. ಹಿಂಬದಿ ಖಾಲಿಯಿತ್ತು.

"ಅಷ್ಟೇ," ಎಂದ.

"ಸರಿ. ಇಡ್ತೀನಿ," ಎಂದಳು.